ಹಲ್ಲಿನ ಕ್ಯಾಪ್: ಅವತ್ತೇ ಹಾಕಿಸುವುದೋ, ಟೆಂಪರರಿ ಹಾಕಿಸಿ ಕಾಯುವುದೋ?

ರೂಟ್ ಕೆನಾಲ್ ಆದ ದವಡೆ ಹಲ್ಲಿಗೆ ಕ್ಯಾಪ್ ಹಾಕಿಸುವುದನ್ನು ಮುಂದೂಡಬೇಡಿ. ಒಳಗಿಂದ ಕೊರೆದ ಹಲ್ಲು ಅಗಿಯುವ ಒತ್ತಡಕ್ಕೆ ಸೀಳಬಹುದು. ಸೀಳು ಬೇರಿನವರೆಗೆ ಇಳಿದರೆ ಸಾಮಾನ್ಯವಾಗಿ ಹಲ್ಲು ಕೀಳಿಸಬೇಕಾಗುತ್ತದೆ. ಬೆಂಗಳೂರಿನ ಕ್ಲಿನಿಕ್‌ಗಳಲ್ಲಿ ಈಗ ಎರಡು ಮಾತು ಕೇಳಿಬರುತ್ತದೆ: “ಇವತ್ತು ಟೆಂಪರರಿ ಹಾಕ್ತೀವಿ, ಮುಂದಿನ ವಾರ ಬನ್ನಿ” ಅಥವಾ “ಕೂತ್ಕೊಳ್ಳಿ, ಇವತ್ತೇ ಮುಗಿಸಿ ಕಳಿಸ್ತೀವಿ”. ವೈಟ್‌ಫೀಲ್ಡ್‌ನಿಂದ ಬಸವನಗುಡಿಗೆ ಬಂದುಹೋಗುವವರಿಗೆ ಎರಡನೆಯದು ಕೇಳಿದ ಕೂಡಲೇ ಹಿತವೆನಿಸುತ್ತದೆ. ಆದರೂ ಟ್ರಾಫಿಕ್ ನೋಡಿ ತೀರ್ಮಾನಿಸಬೇಡಿ. ವಸಡು ಹೇಗಿದೆ, ಕ್ಯಾಪಿನ ಅಂಚು ಎಲ್ಲಿ ಕೂರುತ್ತದೆ ಎಂಬುದನ್ನು ಮೊದಲು ಕೇಳಿ ತಿಳಿದುಕೊಳ್ಳಿ.

ಹಲ್ಲು ತೇಯುವುದು ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಥರ. ಸುತ್ತ ಸುಮಾರು 1 ಮಿ.ಮೀ., ಮೇಲ್ಗಡೆ ಕ್ಯಾಪಿನ ವಸ್ತುವಿಗೆ ತಕ್ಕಂತೆ 1ರಿಂದ 2 ಮಿ.ಮೀ. ಲ್ಯಾಬಿನಲ್ಲಿ ಮಾಡಿಸುವ ಕ್ಯಾಪಿಗಾದರೆ ಸಿಲಿಕೋನ್ ಪುಟ್ಟಿಯಲ್ಲಿ ಅಳತೆ ತೆಗೆದು ಅಥವಾ ಸ್ಕ್ಯಾನ್ ಮಾಡಿ ಕಳಿಸುತ್ತಾರೆ. ಅದು ಬರಲು ಸಾಮಾನ್ಯವಾಗಿ ಐದರಿಂದ ಹತ್ತು ದಿನ ಹಿಡಿಯುತ್ತದೆ. ಅಲ್ಲಿಯವರೆಗೆ ಅಕ್ರಿಲಿಕ್ಕಿನದೋ ಅಂಥದ್ದೇ ಪ್ಲಾಸ್ಟಿಕ್ಕಿನದೋ ಟೆಂಪರರಿ ಕ್ಯಾಪನ್ನು, ಆಮೇಲೆ ಸುಲಭವಾಗಿ ಬಿಡಿಸಲು ಬರುವ ಸಿಮೆಂಟಿನಿಂದ ಅಂಟಿಸಿರುತ್ತಾರೆ.

ಅದೇ ದಿನದ ಕ್ಯಾಪಿಗೆ ಬಾಯೊಳಗೆ ಪುಟ್ಟ ಕ್ಯಾಮೆರಾ ಆಡಿಸಿ ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ಹಲ್ಲಿನ ಆಕಾರ ಕೂಡಿಸಿ, ಸೆರಾಮಿಕ್ ತುಂಡನ್ನು ಯಂತ್ರದಲ್ಲಿ ಕೊರೆಯುತ್ತಾರೆ. ಇದು ಹೊಸ ಪ್ರಯೋಗವೇನಲ್ಲ: ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಸೆರೆಕ್ ಎಂಬ ಇಂಥದ್ದೇ ಯಂತ್ರದಿಂದ ಮೊದಲ ರೋಗಿಗೆ ಚಿಕಿತ್ಸೆ ಕೊಟ್ಟಿದ್ದು 1985ರಲ್ಲಿ. ಹೆಚ್ಚಾಗಿ ಬಳಸುವುದು ಲಿಥಿಯಂ ಡೈಸಿಲಿಕೇಟ್ ಎಂಬ ಸೆರಾಮಿಕ್. ಯಂತ್ರದಿಂದ ಹೊರಬಂದಾಗ ಅದು ತಿಳಿ ನೇರಳೆ ಬಣ್ಣಕ್ಕಿರುತ್ತದೆ, ಗಾಬರಿಯಾಗಬೇಡಿ. ಕುಲುಮೆಯಲ್ಲಿ ಸುಮಾರು 850 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾದ ಮೇಲೇ ಹಲ್ಲಿನ ಬಣ್ಣವೂ ಪೂರ್ತಿ ಗಟ್ಟಿತನವೂ ಬರುವುದು. ಕೊರೆಯಲು ಹತ್ತು ಹದಿನೈದು ನಿಮಿಷ, ಕುಲುಮೆಗೆ ಅರ್ಧ ಗಂಟೆ, ಹಲ್ಲು ತೇಯುವುದು, ಅಂಟಿಸುವುದು ಎಲ್ಲ ಸೇರಿ ಎರಡು ಮೂರು ಗಂಟೆ ಎಂದಿಟ್ಟುಕೊಳ್ಳಿ. ಜಿರ್ಕೋನಿಯಾ ಎಂಬ ಇನ್ನೊಂದು ಸೆರಾಮಿಕ್ ಆದರೆ ಕುಲುಮೆ 1500 ಡಿಗ್ರಿಯ ಆಸುಪಾಸು ಕಾಯಬೇಕು. ಮಾಮೂಲಿ ಕುಲುಮೆಗೆ ಹಲವು ಗಂಟೆ ಬೇಕು, ಬೇಗ ಸುಡುವ ಕುಲುಮೆ ಇದ್ದರೆ ಮಾತ್ರ ಅವತ್ತೇ ಸಿಗುತ್ತದೆ. ಹಾಗಾಗಿ “ಅದೇ ದಿನ” ಅಂದವರನ್ನು ಯಂತ್ರ ಇಲ್ಲೇ ಇದೆಯಾ, ಸ್ಕ್ಯಾನ್ ಹೊರಗಿನ ಲ್ಯಾಬಿಗೆ ಹೋಗುತ್ತಾ, ಯಾವ ವಸ್ತು ಎಂದು ಕೇಳಿ.

ಇನ್ನು ವಸಡಿನ ವಿಷಯ, ಎಲ್ಲಕ್ಕಿಂತ ಮುಖ್ಯವಾದದ್ದು. ಲಿಥಿಯಂ ಡೈಸಿಲಿಕೇಟನ್ನು ಸಾಮಾನ್ಯವಾಗಿ ಪ್ಲಾಸ್ಟಿಕ್ ಜಾತಿಯ ಅಂಟಾದ ರೆಸಿನ್ ಸಿಮೆಂಟಿನಿಂದ ಅಂಟಿಸುತ್ತಾರೆ. ಅಂಟಿಸುವ ಹೊತ್ತಿಗೆ ಎಂಜಲೋ ರಕ್ತವೋ ಸೋಕಿದರೆ ಹಿಡಿತ ಸಡಿಲ. ಅಂಚು ವಸಡಿನ ಮೇಲಿದ್ದರೆ ಒಣಗಿಸಿಡುವುದು ಸುಲಭ. ಹಲ್ಲು ವಸಡಿನ ಒಳಗಿನವರೆಗೆ ಹುಳುಕಾಗಿ ಅಂಚೂ ಅಲ್ಲಿಗೇ ಇಳಿದಿದ್ದರೆ ಕಷ್ಟ. ಸ್ಕ್ಯಾನರಿನದೂ ಇದೇ ಪಾಡು, ಕ್ಯಾಮೆರಾಗೆ ಕಾಣದ ಅಂಚಿಗೆ ಕ್ಯಾಪ್ ಸರಿಯಾಗಿ ಕೂರುವುದಿಲ್ಲ. ಅಲ್ಲಿ ಉಳಿದ ಸಂದಿಯಲ್ಲಿ ಮತ್ತೆ ಹುಳುಕು ಹಿಡಿಯುತ್ತದೆ. ಬ್ರಷ್ ಮಾಡಿದಾಗ ವಸಡಿನಿಂದ ರಕ್ತ ಬರುತ್ತಿದ್ದರೆ ಮೊದಲು ಕ್ಲೀನಿಂಗ್ ಮಾಡಿಸಿ. ಟೆಂಪರರಿ ಹಾಕಿಸಿ ಒಂದೆರಡು ವಾರ ಬಿಟ್ಟು, ವಸಡು ತಿಳಿಯಾದ ಮೇಲೆ ಕಾಯಂ ಕ್ಯಾಪಿಗೆ ಅಳತೆ ಕೊಡುವುದು ವಾಸಿ. ಡಾಕ್ಟರನ್ನು “ಅಂಚು ವಸಡಿನ ಮೇಲಿದೆಯಾ, ಒಳಗಿದೆಯಾ? ಸ್ಕ್ರೀನಿನಲ್ಲಿ ತೋರಿಸ್ತೀರಾ?” ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ನಮ್ಮ ಅಭಿಪ್ರಾಯದಲ್ಲಿ ಅದೇ ದಿನದ ಕ್ಯಾಪ್ ಒಪ್ಪುವುದು ರೂಟ್ ಕೆನಾಲ್ ಮುಗಿದು ನೋವಿಲ್ಲದ, ಅಂಚು ವಸಡಿನ ಮೇಲಿರುವ ಒಂಟಿ ದವಡೆ ಹಲ್ಲಿಗೆ. ವಾರದೊಳಗೆ ಊರಿಗೋ ವಿದೇಶಕ್ಕೋ ಹೊರಟವರಿಗೂ ಅದೇ ಸರಿ. ಇಂಜೆಕ್ಷನ್ ಒಂದೇ ಸಲ, ಟೆಂಪರರಿ ಕಳಚುವ ಚಿಂತೆಯಿಲ್ಲ. ಮುಂದಿನ ಹಲ್ಲುಗಳಿಗೆ ಮಾತ್ರ ಅವಸರ ಮಾಡಬೇಡಿ. ಪಕ್ಕದ ಹಲ್ಲಿನ ಛಾಯೆಗೆ ಹೊಂದಿಸಲು ನುರಿತ ಲ್ಯಾಬಿನವರು ಪದರ ಪದರವಾಗಿ ಸೆರಾಮಿಕ್ ಕೂರಿಸಿದರೇ ಚೆಂದ. ಮೊದಲು ಟೆಂಪರರಿಯಲ್ಲಿ ಉದ್ದ, ಆಕಾರ, ಮಾತಿನ ಸ್ಪಷ್ಟತೆ ಪರೀಕ್ಷಿಸಬಹುದು. ಬಣ್ಣ ಆರಿಸುವುದು ಹಲ್ಲು ತೇಯುವ ಮೊದಲೇ, ಕಿಟಕಿ ಬೆಳಕಿನಲ್ಲಿ ಆಗಬೇಕು; ಬಾಯಿ ತೆರೆದಿಟ್ಟು ಒಣಗಿದ ಹಲ್ಲು ಇದ್ದದ್ದಕ್ಕಿಂತ ಬೆಳ್ಳಗೆ ಕಾಣುತ್ತದೆ. ಬ್ರಿಡ್ಜ್ (ಹೋದ ಹಲ್ಲಿನ ಜಾಗಕ್ಕೆ ಅಕ್ಕಪಕ್ಕದ ಹಲ್ಲುಗಳ ಆಧಾರದಲ್ಲಿ ಕೂರಿಸುವ ಹಲ್ಲು) ಹಾಕಿಸುವವರು, ರೂಟ್ ಕೆನಾಲ್ ಆದ ಮೇಲೂ ಕಚ್ಚಿದರೆ ನೋವಿರುವವರು ಸಹ ಕಾಯುವುದೇ ಒಳ್ಳೆಯದು. ನಿದ್ದೆಯಲ್ಲಿ ಹಲ್ಲು ಕಡಿಯುವ ಅಭ್ಯಾಸವಿದ್ದರೆ ಜಿರ್ಕೋನಿಯಾ ಕೇಳಿ, ಅದರ ಗಟ್ಟಿತನ ಲಿಥಿಯಂ ಡೈಸಿಲಿಕೇಟಿನ ಎರಡರಷ್ಟಕ್ಕೂ ಹೆಚ್ಚು.

ವಿಕ್ಟೋರಿಯಾ ಆಸ್ಪತ್ರೆ ಬಳಿಯ ಸರ್ಕಾರಿ ದಂತ ಕಾಲೇಜಿನಂಥ ಕಡೆ ಖರ್ಚು ಕಡಿಮೆ, ಆದರೆ ವಿದ್ಯಾರ್ಥಿಗಳು ಹಂತ ಹಂತವಾಗಿ ಕೆಲಸ ಮಾಡುವುದರಿಂದ ಓಡಾಟ ಹೆಚ್ಚು. ಅಲ್ಲಿ ಟೆಂಪರರಿ ಕೇಳಿ ಹಾಕಿಸಿಕೊಳ್ಳಿ.

ಟೆಂಪರರಿ ಇರುವಷ್ಟು ದಿನ ಆ ಬದಿಯಲ್ಲಿ ಚಕ್ಕುಲಿ, ನಿಪ್ಪಟ್ಟು, ಕಡಲೆಮಿಠಾಯಿ ಕಡಿಯಬೇಡಿ. ಸಂಕ್ರಾಂತಿ ಹತ್ತಿರವಿದ್ದರೆ ಕಬ್ಬನ್ನು ಈ ವರ್ಷ ಬಿಟ್ಟುಬಿಡಿ. ಅರಿಶಿನ ಹೆಚ್ಚಿರುವ ಸಾರು, ಪಲ್ಯದಿಂದ ಟೆಂಪರರಿ ಹಳದಿಯಾದರೆ ಚಿಂತಿಸಬೇಕಿಲ್ಲ. ಹಲ್ಲಿನ ಸಂದಿ ಶುಚಿ ಮಾಡುವ ಫ್ಲಾಸ್ ದಾರವನ್ನು ಇಳಿಸಿದ ದಾರಿಯಲ್ಲೇ ವಾಪಸ್ ಎಳೆಯದೆ ಪಕ್ಕಕ್ಕೆ ಜಾರಿಸಿ ತೆಗೆಯಿರಿ, ವಾಪಸ್ ಎಳೆದರೆ ಕ್ಯಾಪೂ ಜೊತೆಗೆ ಬರಬಹುದು. ಕಳಚಿದರೆ ಡಬ್ಬಿಯಲ್ಲಿಟ್ಟುಕೊಂಡು ಅವತ್ತೋ ಮಾರನೆಯ ದಿನವೋ ಕ್ಲಿನಿಕ್‌ಗೆ ಹೋಗಿ. ಬರಿದಾಗಿ ಬಿಟ್ಟರೆ ಅಕ್ಕಪಕ್ಕದ ಹಲ್ಲು ಸ್ವಲ್ಪ ಸ್ವಲ್ಪವೇ ಸರಿದು, ಲ್ಯಾಬಿನಿಂದ ಬಂದ ಕ್ಯಾಪ್ ಕೂರದೇ ಹೋಗಬಹುದು. ಫೆವಿಕ್ವಿಕ್ಕಿನಿಂದ ಅಂಟಿಸುವುದು ಖಂಡಿತ ಬೇಡ: ವಸಡು ಸುಡುತ್ತದೆ, ಅಂಟು ಗಡ್ಡೆಕಟ್ಟಿ ಕ್ಯಾಪ್ ಎತ್ತರ ನಿಲ್ಲುತ್ತದೆ, ಅದನ್ನು ಕೆರೆಯುವಾಗ ತೇಯ್ದ ಹಲ್ಲೂ ಹಾಳಾಗುತ್ತದೆ. ಕಾಯಂ ಕ್ಯಾಪನ್ನು ರೆಸಿನ್ ಸಿಮೆಂಟಿನಿಂದ ಅಂಟಿಸುವುದಿದ್ದರೆ, ಟೆಂಪರರಿಗೆ ಲವಂಗದ ಎಣ್ಣೆಯ ಅಂಶವಾದ ಯೂಜಿನಾಲ್ ಇಲ್ಲದ ಸಿಮೆಂಟ್ ಬಳಸಬೇಕು. ಯೂಜಿನಾಲ್ ಉಳಿದರೆ ರೆಸಿನ್ ಸರಿಯಾಗಿ ಗಟ್ಟಿಯಾಗುವುದಿಲ್ಲ.

ದುಡ್ಡಿನ ಮಾತನ್ನು ಮೊದಲೇ ಬರೆಸಿಕೊಳ್ಳಿ: ಹಲ್ಲಿನ ಒಳಭಾಗ ತುಂಬುವ ಫಿಲ್ಲಿಂಗ್, ಟೆಂಪರರಿ, ಎಕ್ಸ್‌ರೇ ಸೇರಿವೆಯಾ, ಕ್ಯಾಪ್ ಒಡೆದರೆ ಯಾರ ಖರ್ಚು. ಜಿರ್ಕೋನಿಯಾಗೆ ವಾರಂಟಿ ಕಾರ್ಡ್ ಇದ್ದರೆ ಕೇಳಿ ಪಡೆಯಿರಿ.

ಯಾವುದೇ ಕ್ಯಾಪಾಗಲಿ, ಅಂಟಿಸುವ ಮೊದಲು ಫ್ಲಾಸ್ ಹಾಕಿ ನೋಡಲು ಹೇಳಿ. ದಾರ ಸ್ವಲ್ಪ ಬಿಗಿಯಾಗಿ ‘ಟಕ್’ ಎಂದು ಇಳಿಯಬೇಕು. ಸಲೀಸಾಗಿ ಜಾರಿದರೆ ಆ ಸಂದಿಯಲ್ಲಿ ದಿನಾ ಊಟ ಸಿಕ್ಕಿಕೊಳ್ಳುತ್ತದೆ. ನೀಲಿ ಕಾಗದ ಕಚ್ಚಿಸಿ ಎತ್ತರ ನೋಡುತ್ತಾರೆ, ಆದರೆ ತುಟಿ ಮರಗಟ್ಟಿರುವಾಗ ನಿಮಗೆ ಸರಿಯಾಗಿ ತಿಳಿಯುವುದಿಲ್ಲ. ಅದೇ ದಿನದ ಕ್ಯಾಪಿನಲ್ಲಿ ಈ ತೊಂದರೆ ಜಾಸ್ತಿ. ಮಾರನೆಯ ದಿನ ಬಾಯಿ ಮುಚ್ಚಿದಾಗ ಅದೇ ಹಲ್ಲು ಮೊದಲು ತಾಗಿದರೆ “ಅಭ್ಯಾಸವಾಗುತ್ತೆ” ಎಂದು ಸುಮ್ಮನಿರಬೇಡಿ, ಹೋಗಿ ತೇಯಿಸಿ. ವಾರವಾದರೂ ಆ ಹಲ್ಲಿನ ಸುತ್ತ ವಸಡು ಕೆಂಪಾಗಿ ಊದಿದ್ದರೆ ಸಿಮೆಂಟಿನ ಚೂರು ಒಳಗೆ ಉಳಿದಿರಬಹುದು. ಎಕ್ಸ್‌ರೇ ತೆಗೆಸಿ ನೋಡಲು ಹೇಳಿ.