ಬಸ್ಸಿನ ಬಾಗಿಲು ಯಾವ ಕಡೆ?

ತುಮಕೂರಿನಲ್ಲಿ ನಮ್ಮದೊಂದು ಪುಟ್ಟ ಶಿಶುವಿಹಾರ ಇದೆ. ಬರುವವರೆಲ್ಲ ಮೂರು ವರ್ಷದೊಳಗಿನವರು. ಗಾಡಿಗಳ ಚಿತ್ರಪುಸ್ತಕ ಕೈಗೆ ಸಿಕ್ಕರೆ ಇವರಿಗೆ ಊಟವೂ ಬೇಡ. ಆದರೆ ಅಂಗಡಿಯಿಂದ ತಂದ ರಟ್ಟಿನ ಪುಸ್ತಕಗಳಲ್ಲಿ ಇದ್ದದ್ದು ಮೂತಿ ಚಾಚಿದ ಹಳದಿ ಸ್ಕೂಲ್ ಬಸ್ಸು, ಹೊಗೆ ಬಿಡುವ ಉಗಿಬಂಡಿ. ಆಟೋನೇ ಇಲ್ಲ! ಹಾಗಾಗಿ ನಾನೇ ಮಾಡಲು ಕೂತೆ.

ಸಾಮಾನು ಜಾಸ್ತಿ ಬೇಡ. ಬೈಂಡಿಂಗ್ ಮಾಡುವವರ ಹತ್ತಿರ ಸಿಗುವ ದಪ್ಪ ರಟ್ಟು, ಫೆವಿಕಾಲ್, ಮೇಲೆ ಅಂಟಿಸಲು ಅಗಲದ ಪಾರದರ್ಶಕ ಟೇಪು. ಮೂಲೆಗಳನ್ನು ಕತ್ತರಿಸಿ ದುಂಡಗೆ ಮಾಡುತ್ತೇನೆ, ಏಕೆಂದರೆ ಪುಸ್ತಕ ಮೊದಲು ಹೋಗುವುದೇ ಬಾಯಿಗೆ. ತಂತಿಯ ಸ್ಪೈರಲ್ ಚುಚ್ಚುತ್ತದೆ, ಅದರ ಬದಲು ಶೂ ಲೇಸ್ ಪೋಣಿಸುತ್ತೇನೆ. ಚಕ್ರಕ್ಕೆ ಗುಂಡಿ ಹೊಲಿದರೆ ಚೆಂದ ಕಾಣುತ್ತೆ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಬೇಡವೇ ಬೇಡ. ಕಿತ್ತು ಬಂದರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಪುಟಕ್ಕೆ ಒಂದೇ ಗಾಡಿ, ಹಿನ್ನೆಲೆ ಖಾಲಿ ಬಿಳಿ. ಚಿತ್ರ ಪಕ್ಕದಿಂದಲೇ ಇರಬೇಕು. ಎದುರಿನಿಂದ ಬರೆದರೆ ಚಕ್ರ ಕಾಣುವುದಿಲ್ಲ, ಈ ವಯಸ್ಸಿಗೆ ಚಕ್ರವೇ ಗಾಡಿ.

ಗಾಡಿಗಳ ಮುಖ ಬಲಕ್ಕೆ ಇರಲಿ. ಪುಟ ತಿರುಗಿಸಿದಂತೆ ಗಾಡಿಯೂ ಮುಂದೆ ಹೋಗುವ ಹಾಗೆ ಕಾಣುತ್ತದೆ. ಇಲ್ಲೇ ಒಂದು ತಕರಾರು ಇದೆ. ನಮ್ಮಲ್ಲಿ ಬಸ್ಸು ಹತ್ತುವ ಬಾಗಿಲು ಎಡಗಡೆ. ಬಲಕ್ಕೆ ಮುಖ ಮಾಡಿದ ಬಸ್ಸಿನಲ್ಲಿ ನಮಗೆ ಕಾಣುವುದು ಡ್ರೈವರ್ ಕಡೆ, ಅಲ್ಲಿ ಹತ್ತುವ ಬಾಗಿಲೇ ಇರುವುದಿಲ್ಲ. ಅಮೆರಿಕದಲ್ಲಿ ಬಸ್ಸಿನ ಬಾಗಿಲು ಬಲಗಡೆ, ಅಲ್ಲಿನ ಚಿತ್ರಕಾರರಿಗೆ ಈ ತಲೆನೋವಿಲ್ಲ. ಆ ಚಿತ್ರ ನೋಡಿ ನಕಲು ಮಾಡಿದರೆ ನಮ್ಮ ಬಸ್ಸು ನಡುರಸ್ತೆಗೆ ಜನರನ್ನು ಇಳಿಸುತ್ತದೆ! ನಾನು ಬಸ್ಸಿಗೆ ಎರಡು ಪುಟ ಕೊಟ್ಟೆ. ಮೊದಲನೆಯದರಲ್ಲಿ ಕೆಂಪು ಬಸ್ಸು ಎಡಕ್ಕೆ ಮುಖ ಮಾಡಿ ನಿಂತಿದೆ, ಬಾಗಿಲು ತೆರೆದಿದೆ, ಅಜ್ಜಿ ಹತ್ತುತ್ತಿದ್ದಾರೆ. ಇನ್ನೊಂದರಲ್ಲಿ ಬಲಕ್ಕೆ ಹೊರಟಿದೆ. ಅಲ್ಲಿ ಬರೆದಿರುವುದು ‘ರೈಟ್ ರೈಟ್!’ ಅಷ್ಟೇ. ಮಕ್ಕಳು ಕಂಡಕ್ಟರ್ ಥರಾನೇ ಕೂಗುತ್ತಾರೆ.

ಅತಿ ಬೇಗ ಸವೆಯುವುದು ಜೆಸಿಬಿ ಪುಟ. ಮುಂದೆ ಅಗಲದ ಬಕೆಟ್ಟು, ಹಿಂದೆ ಅಗೆಯುವ ತೋಳು, ಕೆಳಗೆ ಟಯರು. ಟಯರ್ ಬದಲು ಪಟ್ಟಿ ಇದ್ದು, ಒಂದೇ ತೋಳಿದ್ದರೆ ನಮ್ಮ ಕಡೆ ಅದಕ್ಕೆ ಹಿಟಾಚಿ ಅಂತಾರೆ. ಎರಡನ್ನೂ ಕಲಸಿ ಬರೆಯಬೇಡಿ. ಮಾತು ಸರಿಯಾಗಿ ಬಾರದ ಮಗು ಕೂಡ ಬೆರಳಿಟ್ಟು ‘ಅಲ್ಲ’ ಅನ್ನುತ್ತದೆ. ಟ್ರ್ಯಾಕ್ಟರಿನ ಹಿಂದಿನ ಚಕ್ರ ದೊಡ್ಡದು, ಮುಂದಿನದು ಚಿಕ್ಕದು ಅನ್ನುವುದೂ ಅವರಿಗೆ ಗೊತ್ತು.

ಆಂಬುಲೆನ್ಸಿನ ಪುಟ ನೋಡಿದ ತಾತ ಒಬ್ಬರು ‘ಏನಮ್ಮಾ, ಅಕ್ಷರ ತಿರುಗುಮುರುಗಾಗಿದೆಯಲ್ಲ’ ಅಂದರು. ಮೂತಿಯ ಮೇಲಿನ ಬರಹವನ್ನು ನಿಜವಾದ ಗಾಡಿಯಲ್ಲಿರುವ ಹಾಗೇ ಬರೆದಿದ್ದೆ. ಮುಂದಿನ ಗಾಡಿಯವರಿಗೆ ಕನ್ನಡಿಯಲ್ಲಿ ನೆಟ್ಟಗೆ ಕಾಣಲಿ ಅಂತ ಅದನ್ನು ಹಾಗೆ ಬರೆಯುವುದು. ಬಚ್ಚಲ ಕನ್ನಡಿಯ ಮುಂದೆ ಹಿಡಿದು ತೋರಿಸಿದೆ. ತಾತನಿಗೆ ಮೊಮ್ಮಗನಿಗಿಂತ ಖುಷಿ.

ಪುಟಕ್ಕೊಂದು ಸದ್ದು, ಅದೇ ಕಥೆ. ರೈಲಿಗೆ ‘ಚುಕುಬುಕು’ ಬರೆಯಲಿಲ್ಲ. ಬ್ರಾಡ್‌ಗೇಜ್ ಹಳಿಗಳಲ್ಲಿ ಉಗಿಬಂಡಿ 1990ರ ದಶಕದಲ್ಲೇ ನಿಂತುಹೋಯಿತು. ಗೇಟಿನ ಹತ್ತಿರ ನಿಂತರೆ ಈಗ ಕೇಳುವುದು ಉದ್ದನೆಯ ಹಾರ್ನು, ಆಮೇಲೆ ‘ಟಡಕ್ ಟಡಕ್’. ಅಜ್ಜಿಯಂದಿರು ಮಾತ್ರ ಚುಕುಬುಕು ಬಿಡುವುದಿಲ್ಲ, ಹೇಳಿಕೊಳ್ಳಲಿ ಬಿಡಿ.

ಓದುವಾಗ ‘ಇದೇನು, ಅದೇನು’ ಅಂತ ಪರೀಕ್ಷೆ ಮಾಡುವುದಿಲ್ಲ. ‘ಚಕ್ರ ಎಲ್ಲಿ?’ ಅಂದರೆ ಸಾಕು, ಮಾತು ಬಾರದ ಮಗುವೂ ಬೆರಳು ತೋರಿಸುತ್ತದೆ. ಪುಟಗಳನ್ನು ಸಾಲಾಗಿ ನೋಡಲಿ ಅನ್ನುವ ಹಟವೂ ಬೇಡ. ಜೆಸಿಬಿಯಿಂದ ಜೆಸಿಬಿಗೇ ಹೋಗುತ್ತಾರೆ, ಹೋಗಲಿ.

ಸ್ವಲ್ಪ ದೊಡ್ಡ ಮಕ್ಕಳಿಗೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಅನ್ನುವ ವೆಬ್‌ಸೈಟಿನಲ್ಲಿ ಕನ್ನಡ ಚಿತ್ರಪುಸ್ತಕಗಳು ಪುಕ್ಕಟೆ ಸಿಗುತ್ತವೆ, ಪ್ರಿಂಟ್ ತೆಗೆದುಕೊಳ್ಳಬಹುದು. ತೆಳು ಕಾಗದ ನಮ್ಮ ಪುಟಾಣಿಗಳ ಕೈಯಲ್ಲಿ ಬಾಳುವುದಿಲ್ಲ.

ಕೊನೆಯ ಪುಟ ಖಾಲಿ ಬಿಡುತ್ತೇನೆ. ಮನೆಯವರು ತಮ್ಮ ಗಾಡಿಯ ಫೋಟೋ ಅಂಟಿಸಿ ಕಳಿಸುತ್ತಾರೆ. ಒಬ್ಬಳ ಪುಟದಲ್ಲಿ ಅಪ್ಪನ ಟಿವಿಎಸ್ ಎಕ್ಸೆಲ್, ಎರಡೂ ಬದಿಗೆ ಹಾಲಿನ ಕ್ಯಾನು. ಈಗ ಉಳಿದವರಿಗೂ ಅದೇ ಬೇಕಂತೆ. ಕಾಪಿ ಮಾಡಿಸಬೇಕು.