ನೆರೆ ನಕ್ಷೆಯ ಕೋಡ್ ನಾ ಹ್ಯಾಂಗ ನೋಡ್ತೀನಿ

ಉಪಗ್ರಹದ ಚಿತ್ರ ನೋಡಿ ಮುಳುಗಿದ ಹೊಲ ಅಳೆಯೋ ಕೋಡ್ ಯಾರರ ಬರದು ಕೊಟ್ರ, ಓದೂಕಿಂತ ಮೊದಲು ನಾ ಅದನ್ನ ಓಡಿಸಿ ನಕ್ಷೆ ತೆಗೀತೀನ್ರಿ. ಕಲಬುರಗಿ ಎಲ್ಲಿ ಬಂದದ? ರೇಖಾಂಶ 76.8, ಅಕ್ಷಾಂಶ 17.3. ಜಿಯೋಜೇಸನ್‌ದಾಗ, ಅಂದ್ರ ನಕ್ಷೆಯ ಮಾಹಿತಿ ಇಡೋ ಫೈಲ್ ನಮೂನೆಯೊಳಗ, ರೇಖಾಂಶ ಮೊದಲು. ಅದಲುಬದಲಾದರ ನಮ್ಮೂರು ಉತ್ತರ ಧ್ರುವದ ಕಡೆಯ ಸ್ವಾಲ್ಬಾರ್ಡ್‌ನ ಹಿಮದಾಗ ಕೂತಿರ್ತದ. ಒಮ್ಮೆ ನಾನೇ ಕೂಡಿಸಿದ್ದೆ!

ಆಮ್ಯಾಲ ವಿಸ್ತೀರ್ಣದ ಸಾಲು. ಡಿಗ್ರಿಯೊಳಗ ಎಕರೆ ಲೆಕ್ಕ ಹಾಕಿದ್ರ ಅಲ್ಲೇ ತಡೀರಿ. ಮೀಟರ್‌ದಾಗ ಅಳೆಯೋ ಯುಟಿಎಂ ನಕ್ಷೆ ಪದ್ಧತಿಯ 43 ಉತ್ತರ ವಲಯಕ್ಕ (ಕೋಡ್‌ದಾಗ ಅದರ ಗುರುತಿನ ಸಂಖ್ಯೆ ಇಪಿಎಸ್‌ಜಿ 32643) ಬದಲಿಸಿ ಅಳೀಬೇಕು. ಭೀಮಾ, ಕಾಗಿಣಾದ ಖಾಯಂ ನೀರು ಕಳೆದಾರೋ ಇಲ್ಲೋ? ಇಲ್ಲಂದ್ರ ಹೊಳೀನೂ ಮುಳುಗಿದ ಹೊಲ ಆಗ್ತದ. ಮಾಹಿತಿ ಇಲ್ಲದ ಪಿಕ್ಸೆಲ್‌ಗೆ ಸೊನ್ನೆ ಹಾಕಿದ್ರ ಒಪ್ಪಬ್ಯಾಡ್ರಿ. ಅದನ್ನ ಯಂತ್ರ 'ನೀರಿಲ್ಲ' ಅಂತ ಓದ್ತದ.

ವೇರಿಯಬಲ್ ಹೆಸರಿನ ಜಗಳ ನನಗ ಬ್ಯಾಡ. ಪರೀಕ್ಷೆಗೆ ಮಾತ್ರ 2020ರ ಅಕ್ಟೋಬರ್ ನೆರೆಯ ಸೆಂಟಿನೆಲ್-1 ರಾಡಾರ್ ಉಪಗ್ರಹದ ಚಿತ್ರದಾಗಿನ ಗಾಣಗಾಪುರ ಸಂಗಮದ ತುಣುಕು ಇಡಿಸೇ ಇಡಿಸ್ತೀನಿ.