ಕೊಡಗಿನಲ್ಲಿ ಪುಟ್ಟ ಮನೆ ಕಟ್ಟುವ ಆಸೆಯೇ? ಜಾಗವನ್ನು ಕಕ್ಕಡದ ಮಳೆಯಲ್ಲಿ ನೋಡಿ

ಮಾರ್ಚ್‌ನಲ್ಲೋ ಏಪ್ರಿಲ್‌ನಲ್ಲೋ ಹೂಮಳೆ ಬಿದ್ದು ವಾರ ಹತ್ತು ದಿನ ಕಳೆದರೆ ಕೊಡಗಿನ ತೋಟಗಳೆಲ್ಲ ಬೆಳ್ಳಗಾಗುತ್ತವೆ. ಜಾಗದ ಬ್ರೋಕರ್‌ಗಳಿಗೆ ಇದು ಚೆನ್ನಾಗಿ ಗೊತ್ತು. ಬೆಂಗಳೂರು, ಮೈಸೂರಿನ ಗಿರಾಕಿಗಳನ್ನು ಅವರು ಕರೆಸುವುದೇ ಆಗ. ಕಾಫಿ ಹೂವಿನ ಘಮ ಮೂಗಿಗೆ ಬಡಿದ ಮೇಲೆ ಪಹಣಿ ಓದುವ ತಾಳ್ಮೆ ಯಾರಿಗಿರುತ್ತದೆ?

ಹೂವಿನ ಕಾಲದಲ್ಲಿ ಹೋಗಿ ನೋಡಿ, ಬೇಡ ಅನ್ನುವುದಿಲ್ಲ. ಆದರೆ ಆ ದಿನ ಅಡ್ವಾನ್ಸ್ ಕೊಡಬೇಡಿ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಕಕ್ಕಡ ತಿಂಗಳಲ್ಲಿ ಅದೇ ಜಾಗಕ್ಕೆ ಮತ್ತೊಮ್ಮೆ ಹೋಗಿ. ಕಾಲಿಗೆ ಜಿಗಣೆ ಹತ್ತುತ್ತದೆ, ಹತ್ತಲಿ. ಆಮೇಲೂ ಆ ಜಾಗ ಇಷ್ಟವಾದರೆ ಮಾತು ಮುಂದುವರಿಸಿ.

ಮಳೆಯಲ್ಲಿ ಏನು ನೋಡಬೇಕು?

ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂಬುದನ್ನು ಮೊದಲು ನೋಡಿ. ಮನೆ ಕಟ್ಟಬೇಕು ಅಂದುಕೊಂಡ ಜಾಗದ ಮೇಲ್ಭಾಗಕ್ಕೆ ಹತ್ತಿ. ಅಲ್ಲಿ ನೆಲದಲ್ಲಿ ಬಿರುಕು ಕಾಣುತ್ತದೆಯೇ? ಮರಗಳು ಒಂದೇ ಕಡೆಗೆ ವಾಲಿವೆಯೇ? ಬೇಸಿಗೆಯಲ್ಲಿ ಒಣಗಿದ್ದ ಬರೆಯಿಂದ (ಗುಡ್ಡದ ಕಡಿದಾದ ಬದಿಯಿಂದ) ಈಗ ಕೆಸರು ನೀರು ಉಕ್ಕುತ್ತಿದೆಯೇ? ಈ ಮೂರರಲ್ಲಿ ಒಂದು ಕಂಡರೂ ಸುಮ್ನೆ ವಾಪಸ್ ಬನ್ನಿ. ಎಷ್ಟು ಅಗ್ಗಕ್ಕೆ ಸಿಕ್ಕಿದರೂ ಆ ಜಾಗ ದುಬಾರಿಯೇ.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಹೆಮ್ಮೆತ್ತಾಳು, ಕಾಲೂರು, ಜೋಡುಪಾಲದ ಕಡೆ ಗುಡ್ಡಗಳು ಜಾರಿದ್ದು ನೆನಪಿದೆ ಅಲ್ವಾ? ಮರುವರ್ಷ ತೋರಾದಲ್ಲಿ, 2020ರಲ್ಲಿ ತಲಕಾವೇರಿಯ ಗಜಗಿರಿಯಲ್ಲಿ ಮತ್ತೆ ಅದೇ ಆಯಿತು. ವಿಪರೀತ ಮಳೆ ಒಂದು ಕಾರಣ. ರಸ್ತೆಗೆ, ಮನೆಗೆ ಎಂದು ಗುಡ್ಡವನ್ನು ನೆಟ್ಟಗೆ ಕಡಿದಿದ್ದು ಇನ್ನೊಂದು ಕಾರಣ ಎಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯೂ ಹೇಳಿದೆ. ‘ವ್ಯೂ ಚೆನ್ನಾಗಿದೆ’ ಎಂದು ಜಾಸ್ತಿ ಬೆಲೆ ಹೇಳುವುದು ಸಾಮಾನ್ಯವಾಗಿ ಇಂಥ ಕಡಿದಾದ ಜಾಗಗಳಿಗೇ. ನನ್ನನ್ನು ಕೇಳಿದರೆ, ಸ್ವಲ್ಪ ಇಳಿಜಾರಿನ, ಹಳೆಯ ತೋಟದ ನಡುವಿನ, ನೋಟವೇ ಇಲ್ಲದ ಜಾಗ ಎಷ್ಟೋ ವಾಸಿ. ನೋಟ ಬೇಕಾದರೆ ಮಡಿಕೇರಿಯ ರಾಜಾಸೀಟ್ ಇದ್ದೇ ಇದೆ.

ಹೊಳೆ ದಂಡೆಯ ಜಾಗಕ್ಕೂ ಇದೇ ಮಾತು. ಕರಡಿಗೋಡು, ನೆಲ್ಯಹುದಿಕೇರಿಯಲ್ಲಿ ಕಾವೇರಿ ಎಲ್ಲಿಯವರೆಗೆ ಏರಿತ್ತು ಎಂದು ಅಲ್ಲಿನವರು ಗೋಡೆಯ ಮೇಲೆ ಕೈಯಿಟ್ಟು ತೋರಿಸುತ್ತಾರೆ. ಜಾಗ ಮಾರುವವರನ್ನು ಬಿಟ್ಟು ಪಕ್ಕದ ತೋಟದ ರೈಟರನ್ನು (ಲೆಕ್ಕ ಬರೆಯುವವರನ್ನು), ಲೈನ್ ಮನೆಯಲ್ಲಿರುವ ಕೂಲಿಯವರನ್ನು ಕೇಳಿ.

ಜಿಲ್ಲೆಯೆಲ್ಲ ಒಂದೇ ಥರ ಅಲ್ಲ ಎಂಬುದೂ ಗೊತ್ತಿರಲಿ. ಭಾಗಮಂಡಲದ ಮಳೆಗೂ ಕುಶಾಲನಗರದ ಮಳೆಗೂ ಹೋಲಿಕೆಯೇ ಇಲ್ಲ. ಸಿದ್ದಾಪುರ, ಮಾಲ್ದಾರೆ, ತಿತಿಮತಿ ಕಡೆ ಕಾಡಾನೆ ತೋಟದೊಳಗೇ ಓಡಾಡುತ್ತದೆ. ಅಲ್ಲಿ ಅಂಗಳದ ಹಲಸಿನ ಮರವೇ ಆನೆಗೆ ಆಹ್ವಾನ. ಸಂಜೆ ಆದ ಮೇಲೆ ನಡೆದು ಹೋಗುವ ಅಭ್ಯಾಸ ಇದ್ದವರು ಇದನ್ನು ಯೋಚಿಸಿಯೇ ಮುಂದಡಿ ಇಡಿ.

ಕಾಗದ: ಇಲ್ಲಿ ಆತುರ ಬೇಡವೇ ಬೇಡ

2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ಬಂದು 79ಎ, 79ಬಿ ಕಲಂಗಳು ಹೋದವು. ಹಾಗಾಗಿ ಈಗ ಕೃಷಿಕರಲ್ಲದವರೂ ಕರ್ನಾಟಕದಲ್ಲಿ ಕೃಷಿ ಜಮೀನು ಕೊಳ್ಳಬಹುದು. ‘ಯಾರು ಬೇಕಾದರೂ ತಗೋಬಹುದು ಸಾರ್’ ಎಂದು ಬ್ರೋಕರ್ ಹೇಳುವುದು ಇದನ್ನೇ. ಮಾತು ನಿಜ, ಆದರೆ ಅರ್ಧ ನಿಜ. ನೀವು ಕೊಳ್ಳಬಹುದು, ಸರಿ. ಅವರು ಮಾರಬಹುದೇ ಎಂಬುದು ಬೇರೆ ಪ್ರಶ್ನೆ. ಕೊಡಗಿನಲ್ಲಿ ಅದೇ ದೊಡ್ಡ ಪ್ರಶ್ನೆ.

ಪಹಣಿ ಕೈಗೆ ಬಂದ ಕೂಡಲೇ ಜಮೀನಿನ ಬಗೆ ನೋಡಿ. ಪೂರ್ತಿ ಕಂದಾಯ ಕಟ್ಟುವ ಸಾಮಾನ್ಯ ‘ಸಾಗು’ ಜಮೀನಾದರೆ ಲೆಕ್ಕ ಸ್ವಲ್ಪ ಸಲೀಸು. ಜಮ್ಮಾ ಆದರೆ ನಿಧಾನಿಸಿ. ಪೀಳಿಗೆಯಿಂದ ಪೀಳಿಗೆಗೆ ಬಂದ ಜಮ್ಮಾ ಭೂಮಿ ಒಬ್ಬರದ್ದಲ್ಲ, ಒಕ್ಕದ್ದು, ಅಂದರೆ ಇಡೀ ಮನೆತನದ್ದು. ಪಹಣಿಯಲ್ಲಿ ಯಾವತ್ತೋ ತೀರಿಕೊಂಡ ಪಟ್ಟೇದಾರರ (ಒಕ್ಕದ ಯಜಮಾನರ) ಹೆಸರೇ ಮುಂದುವರಿದಿರುವುದುಂಟು, ಜೊತೆಗೆ ಕುಟುಂಬದ ಹತ್ತಾರು ಹೆಸರುಗಳು. ಅವರಲ್ಲಿ ಒಬ್ಬರು ದುಬೈಯಲ್ಲಿ, ಇನ್ನೊಬ್ಬರು ಸೇನೆಯಲ್ಲಿ, ಮತ್ತೊಬ್ಬರು ಮಾತು ಬಿಟ್ಟು ಕೂತವರು. ನಿಮಗೆ ಕಾಫಿ ಕೊಟ್ಟು ಮಾತಾಡಿಸಿದವರ ಸಹಿ ಮಾತ್ರ ಸಾಲದು. ವಂಶವೃಕ್ಷ ತರಿಸಿ, ಪಾಲು ಪತ್ರ ಇದೆಯೇ ಕೇಳಿ, ಹಕ್ಕುದಾರರೆಲ್ಲರ ಒಪ್ಪಿಗೆ ಬರಹದಲ್ಲೇ ಬರಲಿ. ‘ಅವನು ನನ್ನ ತಮ್ಮ, ಏನೂ ಹೇಳಲ್ಲ’ ಎಂಬ ಭರವಸೆ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ.

ಬಾಣೆ ಜಾಗದ ಕಥೆ ಇನ್ನೂ ಒಂದು ಸುತ್ತು ಜಾಸ್ತಿ. ಗದ್ದೆಗೆ ಸೊಪ್ಪು, ಮನೆಗೆ ಸೌದೆ, ದನಕ್ಕೆ ಮೇವು ಸಿಗಲಿ ಎಂದು ಗದ್ದೆಯ ಜೊತೆಗೆ ಕೊಟ್ಟಿದ್ದ ಜಾಗ ಇದು. ಆಮೇಲೆ ಅಲ್ಲೇ ಕಾಫಿ ಬಂತು. ಅಲ್ಲಿನ ಮರಗಳ ಬೆಲೆಯನ್ನು ಸರ್ಕಾರಕ್ಕೆ ಕಟ್ಟಿದ್ದರೆ ಅದು ರಿಡೀಮ್ಡ್, ಕಟ್ಟದಿದ್ದರೆ ಅನ್‌ರಿಡೀಮ್ಡ್. ಅನ್‌ರಿಡೀಮ್ಡ್ ಜಾಗದ ಮರ ಸರ್ಕಾರದ್ದು. ಬೀಟೆ, ತೇಗ ತೋರಿಸಿ ‘ಈ ಮರ ಮಾರಿದರೇ ಅರ್ಧ ದುಡ್ಡು ವಾಪಸ್’ ಎಂದರೆ ನಂಬಬೇಡಿ. ನಿಮ್ಮದೇ ಮರವಾದರೂ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು.

ಪಕ್ಕದಲ್ಲಿ ಪೈಸಾರಿ, ಊರುಡುವೆ, ಸಿ ಆ್ಯಂಡ್ ಡಿ ಜಾಗ, ದೇವರಕಾಡಿನಂಥ ಸರ್ಕಾರಿ ಇಲ್ಲವೇ ಊರಿನ ಜಾಗ ಇದೆಯೇ ಎಂದೂ ವಿಚಾರಿಸಿ. ಕಾಗದದಲ್ಲಿ 2 ಎಕರೆ, ಬೇಲಿಯೊಳಗೆ 3 ಎಕರೆ ಇದ್ದರೆ ಆ ಮೂರನೆಯದು ಉಡುಗೊರೆಯಲ್ಲ, ಒತ್ತುವರಿ. ಒತ್ತುವರಿ ಮಾಡಿ ಕಾಫಿ ಬೆಳೆದ ಸರ್ಕಾರಿ ಜಾಗವನ್ನು ಗುತ್ತಿಗೆಗೆ ಕೊಡಲು ಕಾನೂನು ಬಂದಿರುವುದು ಹೌದು. ಆದರೆ ಗುತ್ತಿಗೆ ಎಂದರೆ ಮಾಲೀಕತ್ವ ಅಲ್ಲ. ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡು ಗಡಿಯುದ್ದಕ್ಕೂ ನಡೆದರೆ ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೀರಿ ಎಂಬ ಅಂದಾಜು ಸಿಗುತ್ತದೆ. ಅಂದಾಜು ಮಾತ್ರ. ಖಚಿತವಾಗಿ ಹೇಳುವವರು ಸರ್ವೆಯರ್.

ಪಹಣಿಯ 9ನೇ ಕಾಲಂನಲ್ಲಿ ಮಾಲೀಕರ ಹೆಸರು, 11ರಲ್ಲಿ ಸಾಲ ಮತ್ತು ಇತರೆ ಹಕ್ಕುಗಳು ಇರುತ್ತವೆ. ಖರಾಬು (ಸಾಗುವಳಿಗೆ ಬಾರದ ಭಾಗ) ಎಷ್ಟಿದೆ, ಅದು ‘ಎ’ಯೋ ‘ಬಿ’ಯೋ ನೋಡಿ. ‘ಬಿ’ ಖರಾಬು ತೋಡು (ಸಣ್ಣ ಹಳ್ಳ), ದಾರಿಯಂಥ ಸಾರ್ವಜನಿಕ ಜಾಗ, ಅದಕ್ಕೆ ದುಡ್ಡು ಕೊಡಬೇಡಿ. ಮಂಜೂರಾದ ಜಮೀನಾದರೆ ಮಂಜೂರಾತಿ ಆದೇಶವನ್ನೇ ತರಿಸಿ ಓದಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನು 1978ರ ಪಿಟಿಸಿಎಲ್ (ಅಂಥ ಜಮೀನಿನ ಪರಭಾರೆ ನಿಷೇಧ) ಕಾಯ್ದೆಯ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ಕೊಳ್ಳುವಂತಿಲ್ಲ. ಎಷ್ಟು ವರ್ಷವಾದ ಮೇಲೂ ಅದನ್ನು ವಾಪಸ್ ಕೇಳಬಹುದು ಎಂದು 2023ರ ತಿದ್ದುಪಡಿ ಸ್ಪಷ್ಟ ಮಾಡಿದೆ. ಋಣಭಾರ ಪತ್ರ ಕನಿಷ್ಠ 30 ವರ್ಷದ್ದು ತೆಗೆಸಿ. ಒಂದು ಸರ್ವೆ ನಂಬರಿನ ತುಂಡನ್ನು ಮಾತ್ರ ಕೊಳ್ಳುವುದಾದರೆ ಆ ತುಂಡನ್ನು ಅಳೆದು ಬೇರೆ ಮಾಡಿ ತೋರಿಸುವ 11ಇ ನಕ್ಷೆ ಬೇಕೇ ಬೇಕು. ಇದನ್ನೆಲ್ಲ ನೋಡಲು ಮಡಿಕೇರಿಯಲ್ಲೋ ವಿರಾಜಪೇಟೆಯಲ್ಲೋ ಕೆಲಸ ಮಾಡುವ ವಕೀಲರನ್ನೇ ಹಿಡಿಯಿರಿ. ಬೆಂಗಳೂರಿನ ವಕೀಲರಿಗೆ ಬಾಣೆ, ಜಮ್ಮಾದ ಲೆಕ್ಕ ಬಿಡಿಸಿ ಹೇಳುವಷ್ಟರಲ್ಲಿ ಅವರ ಫೀಸು ದುಪ್ಪಟ್ಟಾಗಿರುತ್ತದೆ.

ಬಜೆಟ್ ಹಾಕುವಾಗ ಒಂದು ವಿಷಯ ಮರೆಯಬೇಡಿ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿದೆ. ಮುದ್ರಾಂಕ ಶುಲ್ಕ, ಸೆಸ್ ಬೇರೆ.

ದಾರಿ, ನೀರು, ಕರೆಂಟು

ಜೀಪು ಬರುತ್ತದೆ ಎಂದ ಮಾತ್ರಕ್ಕೆ ದಾರಿ ಇದೆ ಎಂದಲ್ಲ. ಆ ದಾರಿ ಗ್ರಾಮ ನಕ್ಷೆಯಲ್ಲಿದೆಯೇ, ಇಲ್ಲ ಪಕ್ಕದ ತೋಟದವರು ಸ್ನೇಹಕ್ಕೆ ಬಿಟ್ಟಿದ್ದೇ? ಸ್ನೇಹಕ್ಕೆ ಬಿಟ್ಟ ದಾರಿ ತೋಟ ಕೈ ಬದಲಾದ ದಿನ ಮುಚ್ಚಬಹುದು. ದಾರಿ ಹಕ್ಕನ್ನು ಕ್ರಯಪತ್ರದಲ್ಲೇ ಬರೆಸಿ.

ನೀರಿನ ವಿಷಯದಲ್ಲಿ ಮಾತ್ರ ಮಳೆಗಾಲದ ಭೇಟಿ ಮೋಸ ಮಾಡುತ್ತದೆ. ಬಾವಿ, ತೋಡು ಏಪ್ರಿಲ್‌ನಲ್ಲಿ ಹೇಗಿರುತ್ತವೆ ನೋಡಿ. ಕರೆಂಟು ಚೆಸ್ಕಾಂನದ್ದು. ಹತ್ತಿರದ ಕಂಬ ಎಷ್ಟು ದೂರ ಎಂದು ಮೊದಲೇ ಅಳೆಯಿರಿ. ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟು ಹೋಗುವುದು ಇಲ್ಲಿ ಮಾಮೂಲು.

ಕಟ್ಟುವ ಮುನ್ನ

ಕೃಷಿ ಜಮೀನಿನಲ್ಲಿ ಸ್ವಂತಕ್ಕೊಂದು ತೋಟದ ಮನೆ ಕಟ್ಟಿಕೊಳ್ಳಲು ಭೂಕಂದಾಯ ಕಾಯ್ದೆಯ 95ನೇ ಕಲಂ ಅವಕಾಶ ಕೊಡುತ್ತದೆ. ಅದು ಹಿಡುವಳಿಯ ಶೇ 10ನ್ನು ಮೀರಬಾರದು. ಅದಕ್ಕಿಂತ ದೊಡ್ಡದಕ್ಕೆ, ವ್ಯಾಪಾರದ ಉದ್ದೇಶಕ್ಕೆ ಭೂ ಪರಿವರ್ತನೆ ಆಗಬೇಕು, ಆದೇಶ ಕೊಡುವವರು ಜಿಲ್ಲಾಧಿಕಾರಿ. ಎರಡರಲ್ಲೂ ಗ್ರಾಮ ಪಂಚಾಯಿತಿಯ ಲೈಸೆನ್ಸ್ ತಪ್ಪುವುದಿಲ್ಲ. ‘ಕನ್ವರ್ಷನ್ ಆಮೇಲೆ ಮಾಡಿಸಿಕೊಡ್ತೀವಿ’ ಎಂದರೆ ‘ದುಡ್ಡೂ ಆಮೇಲೆ ಕೊಡ್ತೀವಿ’ ಎನ್ನಿ. ಗದ್ದೆಗೆ ಮಣ್ಣು ತುಂಬಿ ಮನೆ ಕಟ್ಟುವ ಯೋಚನೆಯಂತೂ ಬೇಡ. ಅದು ಸುತ್ತಲಿನ ಗುಡ್ಡಗಳ ನೀರು ಇಳಿದು ನಿಲ್ಲುವ ಜಾಗ.

ಮನೆ ಚಿಕ್ಕದಿರಲಿ. ಜೆಸಿಬಿ ತಂದು ಗುಡ್ಡ ಕಡಿದು ಸಮ ಮಾಡುವ ಬದಲು, ಇಳಿಜಾರಿಗೆ ತಕ್ಕಂತೆ ಕಂಬಗಳ ಮೇಲೆ ಮನೆ ಎತ್ತಿ. ಸ್ವಲ್ಪ ಕಡಿಯಲೇಬೇಕಾದರೆ ತಡೆಗೋಡೆಯಲ್ಲಿ ನೀರು ಹೊರಬರಲು ತೂತು ಬಿಡಿಸಿ, ಮೇಲಿನ ನೀರನ್ನು ಚರಂಡಿ ಮಾಡಿ ಪಕ್ಕಕ್ಕೆ ತಿರುಗಿಸಿ. ನೀರಿಗೆ ದಾರಿ ಇಲ್ಲದ ಗೋಡೆ ಎಷ್ಟು ದಪ್ಪ ಇದ್ದರೂ ಒಂದು ಮಳೆಗಾಲದಲ್ಲಿ ಹೊಟ್ಟೆ ಬರುತ್ತದೆ. ಚಪ್ಪಟೆ ತಾರಸಿ ಈ ಮಳೆಗೆ ಹೇಳಿದ್ದಲ್ಲ. ಇಳಿಜಾರಾದ ಮಾಡು (ಛಾವಣಿ), ಗೋಡೆಯಿಂದ ಚೆನ್ನಾಗಿ ಮುಂದೆ ಚಾಚಿದ ಸೂರು, ಮಳೆ ಹೊಡೆಯುವ ಕಡೆ ಕಿಟಕಿ ಕಮ್ಮಿ. ಹಳೆಯ ಐನ್‌ಮನೆಗಳ (ಕೊಡವ ಮನೆತನದ ಮೂಲ ಮನೆಗಳ) ಸೂರು ನೋಡಿದರೆ ಗೊತ್ತಾಗುತ್ತದೆ.

ಕೆಲಸ ಶುರು ಮಾಡಲು ಪುತ್ತರಿ (ಸುಗ್ಗಿ ಹಬ್ಬ) ಕಳೆದ ಮೇಲಿನ ದಿನಗಳು ಒಳ್ಳೆಯವು, ಮಣ್ಣು ಒಣಗಿರುತ್ತದೆ. ಆದರೆ ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಕಾಫಿ ಕುಯ್ಲು, ಆಳುಗಳು ಸಿಗುವುದು ಕಷ್ಟ. ಮೇಸ್ತ್ರಿಯನ್ನು ಅಕ್ಟೋಬರ್‌ನಲ್ಲೇ ಗೊತ್ತು ಮಾಡಿಕೊಳ್ಳಿ. ಮಾಡು ಮೇ ಕೊನೆಯೊಳಗೆ ಮುಚ್ಚಬೇಕು. ಆಮೇಲೆ ಸಾಮಾನು ತರಿಸುವುದೂ ಕಷ್ಟ, ಭಾರಿ ವಾಹನಗಳಿಗೆ ಮಳೆಗಾಲದಲ್ಲಿ ಜಿಲ್ಲಾಡಳಿತ ನಿರ್ಬಂಧ ಹಾಕುವುದುಂಟು.

ಖಾಲಿ ಇರುವ ದಿನ ಹೋಂಸ್ಟೇಗೆ ಬಿಟ್ಟರೆ ಖರ್ಚು ಹುಟ್ಟುತ್ತದೆ ಎಂಬ ಲೆಕ್ಕ ಹಲವರದ್ದು. ಅದಕ್ಕೆ ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಆಗಬೇಕು, ಮನೆಯವರು ಅಲ್ಲೇ ವಾಸ ಇರಬೇಕು. ನೀವು ಬೆಂಗಳೂರಿನಲ್ಲಿದ್ದು, ಕೀಲಿಕೈ ಕಾವಲುಗಾರನ ಕೈಯಲ್ಲಿದ್ದರೆ ಅದು ಹೋಂಸ್ಟೇ ಆಗುವುದಿಲ್ಲ.